ಬ್ಯಾಟರಿಯ ಹುಲ್ಲುಗತ್ತರಿಯೂ ಅನರ್ಥದಂಡವ್ರತವೂ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಮಾಜದ ಮಾತುಕತೆಗಳಲ್ಲಿ ಒಂದು ಹೊಸ ಪದಪ್ರಯೋಗ ಕೇಳಿಬರುತ್ತಿದೆ. ಮನೆಯ ಮುಂದಿನ ಹುಲ್ಲುಹಾಸನ್ನು ಸವರುವ ಬ್ಯಾಟರಿ ಚಾಲಿತ ಯಂತ್ರವನ್ನು, ಅಂದರೆ ಸ್ಟ್ರಿಂಗ್ ಟ್ರಿಮ್ಮರ್ ಎಂದು ಅಂಗಡಿಗಳಲ್ಲಿ ಮಾರಲ್ಪಡುವ ಉಪಕರಣವನ್ನು, ಕೆಲವರು ‘ಅಹಿಂಸಕ ಯಂತ್ರ’ವೆಂದು ಕರೆಯತೊಡಗಿದ್ದಾರೆ. ಇದರಲ್ಲಿ ಉಕ್ಕಿನ ಅಲಗಿಲ್ಲ, ಹೊಗೆಯಿಲ್ಲ, ಕಿವಿಗಡಚಿಕ್ಕುವ ಶಬ್ದವಿಲ್ಲ. ಆದ್ದರಿಂದ ಶ್ರಾವಕನ ಕೈಗೆ ತಕ್ಕ ಸಾಧನವೆಂದರೆ ಇದೇ ಎಂಬುದು ಅವರ ವಾದ. ಬಸದಿಗಳ ಆವರಣಕ್ಕೂ ಇಂಥದೊಂದನ್ನು ದಾನವಾಗಿ ಕೊಡುವ ಉತ್ಸಾಹ ಅಲ್ಲಲ್ಲಿ ಕಾಣುತ್ತಿದೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಯಂತ್ರದ ಮೇಲಿನ ದ್ವೇಷದಿಂದ ಈ ಮಾತನ್ನು ಹೇಳುತ್ತಿಲ್ಲ. ಅಹಿಂಸೆ ಎಂಬ ಶಬ್ದವನ್ನು ಇಷ್ಟು ಅಗ್ಗವಾಗಿ ಒಂದು ಸಾಮಗ್ರಿಯ ಮೇಲೆ ಅಂಟಿಸಿದರೆ ಆ ಶಬ್ದಕ್ಕೆ ಅರ್ಥವೇ ಉಳಿಯುವುದಿಲ್ಲವೆಂಬ ಕಳವಳದಿಂದ ಹೇಳುತ್ತಿದ್ದೇನೆ.

ಪರೀಕ್ಷಿಸದೆ ಖಂಡಿಸುವುದು ಅನೇಕಾಂತವನ್ನು ನಂಬಿದವರಿಗೆ ಸಲ್ಲದು. ಆದುದರಿಂದ ಮೊದಲು ಈ ವಸ್ತುವಿನ ಹುಟ್ಟು, ಅದರ ಕೆಲಸದ ರೀತಿ, ಅದರ ಗುಣ, ಇವುಗಳನ್ನು ನಿಷ್ಪಕ್ಷಪಾತವಾಗಿ ನೋಡೋಣ. ಆಮೇಲೆ ಶ್ರಾವಕಾಚಾರದ ಒರೆಗಲ್ಲಿಗೆ ಅದನ್ನು ಹಚ್ಚೋಣ.

ಹುಲ್ಲುಹಾಸು ಬಂದ ದಾರಿ

ಸಮನಾಗಿ ಕತ್ತರಿಸಿದ ಹುಲ್ಲುಹಾಸು ನಮ್ಮ ನಾಡಿನ ಕಲ್ಪನೆಯಲ್ಲ. ಅದು ಇಂಗ್ಲೆಂಡಿನ ಜಮೀನ್ದಾರರ ಅರಮನೆಗಳ ಮುಂದೆ ಬೆಳೆದ ವೈಭವ. ಬೆಳೆ ತೆಗೆಯದೆ, ದನ ಮೇಯಿಸದೆ, ಕೇವಲ ನೋಟಕ್ಕಾಗಿ ಭೂಮಿಯನ್ನು ಬಿಟ್ಟಿರಲು ತನಗೆ ಶಕ್ತಿಯಿದೆ ಎಂದು ಸಾರುವ ಸಿರಿವಂತಿಕೆಯ ಗುರುತು ಅದು. ಕುಡುಗೋಲು ಹಿಡಿದ ಆಳುಗಳು ಸಾಲುಗಟ್ಟಿ ಅದನ್ನು ಕತ್ತರಿಸುತ್ತಿದ್ದರು. 1830ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಬಟ್ಟೆಯ ಮೇಲಿನ ನವಿರನ್ನು ಸವರುವ ಗಿರಣಿಯ ಯಂತ್ರವನ್ನು ನೋಡಿ, ಅದೇ ತತ್ತ್ವದಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರಚಿಸಿದನು. ಅಲ್ಲಿಂದ ಮುಂದೆ ಹುಲ್ಲುಹಾಸು ಮಧ್ಯಮವರ್ಗದ ಮನೆಗಳಿಗೂ ಇಳಿಯಿತು.

ಈ ಅಭ್ಯಾಸವು ಅತಿಯಾಗಿ ಹಬ್ಬಿದ್ದು ಅಮೆರಿಕದಲ್ಲಿ. 2005ರಲ್ಲಿ ಪ್ರಕಟವಾದ ಒಂದು ಉಪಗ್ರಹ ಆಧಾರಿತ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಹುಲ್ಲುಹಾಸು 1,60,000 ಚದರ ಕಿಲೋಮೀಟರಿಗೂ ಮಿಗಿಲಾದ ನೆಲವನ್ನು ಆವರಿಸಿದೆ. ಅಂದರೆ ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣದ ಮುಕ್ಕಾಲು ಪಾಲಿಗಿಂತ ಹೆಚ್ಚು. ನೀರುಣಿಸಿ ಬೆಳೆಯುವ ಯಾವ ಒಂದು ಬೆಳೆಯೂ ಅಲ್ಲಿ ಅಷ್ಟು ನೆಲವನ್ನು ಆಕ್ರಮಿಸಿಲ್ಲ. ಅನ್ನವನ್ನೂ ಕೊಡದ, ಮೇವನ್ನೂ ಕೊಡದ ಈ ಬೆಳೆಯ ಆರೈಕೆಗಾಗಿಯೇ ಅಲ್ಲಿ ದೊಡ್ಡದೊಂದು ಉದ್ಯಮವು ನಿಂತಿದೆ.

ಆ ಉದ್ಯಮದ ಕೂಸೇ ನಾವು ಚರ್ಚಿಸುತ್ತಿರುವ ಯಂತ್ರ. 1971ರಲ್ಲಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬವರು, ಕಾರು ತೊಳೆಯುವ ಕೇಂದ್ರದಲ್ಲಿ ಗಿರಗಿರನೆ ತಿರುಗುವ ನೈಲಾನ್ ಕುಂಚಗಳನ್ನು ಕಂಡು, ತವರದ ಡಬ್ಬಿಗೆ ತೂತು ಕೊರೆದು ಮೀನಿನ ಗಾಳದ ನೈಲಾನ್ ದಾರವನ್ನು ಪೋಣಿಸಿ ತಿರುಗಿಸಿದರು. ಮರದ ಬುಡ, ಗೋಡೆಯ ಅಂಚು, ಬೇಲಿಯ ಸಂದು, ಹೀಗೆ ಉಳಿದ ಯಂತ್ರಗಳು ತಲುಪದ ಕಡೆ ಹುಲ್ಲನ್ನು ಸವರುವುದಕ್ಕೆ ಅದು ಉಪಯುಕ್ತವೆನಿಸಿತು. ಮೊದಲಿನವು ಪೆಟ್ರೋಲಿನ ಹಾಗೂ ವಿದ್ಯುತ್ ತಂತಿಯ ಯಂತ್ರಗಳು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯು ಮಾರುಕಟ್ಟೆಗೆ ಬಂದು, ಕ್ರಮೇಣ ಹಗುರವೂ ಸುಲಭಬೆಲೆಯದೂ ಆದ ಮೇಲೆ ಬ್ಯಾಟರಿಯ ಯಂತ್ರಗಳು ಮುಂದೆ ಬಂದವು. ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಕಾನೂನು ಮಾಡಿ, ತೋಟಗಾರಿಕೆಯ ಇಂಥ ಹೊಸ ಚಿಕ್ಕ ಪೆಟ್ರೋಲ್ ಎಂಜಿನ್ನುಗಳನ್ನು 2024ರ ಮಾದರಿಗಳಿಂದ ಹಂತಹಂತವಾಗಿ ಕೈಬಿಡುವ ಕ್ರಮಕ್ಕೆ ತೊಡಗಿತು.

ಯಂತ್ರಕ್ಕೆ ಸಲ್ಲಬೇಕಾದ ನ್ಯಾಯ

ಗುಣವನ್ನು ಗುಣವೆಂದೇ ಹೇಳಬೇಕು. ಫಾಲ್ಗುಣ ಮಾಸದ ಒಣ ದಿನಗಳಲ್ಲಿ, 18 ವೋಲ್ಟಿನ, 4 ಆಂಪಿಯರ್-ಗಂಟೆಯ ಬ್ಯಾಟರಿಯುಳ್ಳ ಯಂತ್ರವೊಂದನ್ನು ಎರವಲು ತಂದು, ನಮ್ಮ ಮನೆಯ ಗೋಡೆಯಂಚಿನ ಒಣಹುಲ್ಲಿನ ಮೇಲೆ ಪ್ರಯೋಗಿಸಿ ನೋಡಿದೆ. ಮೂರು ಕಿಲೋಗ್ರಾಮಿನಷ್ಟು ಭಾರ, ವಯಸ್ಸಾದವರೂ ಎತ್ತಬಹುದು. ಒಮ್ಮೆ ತುಂಬಿದ ಬ್ಯಾಟರಿಯು ಇಪ್ಪತ್ತು ನಿಮಿಷಗಳ ಕಾಲ ಕೆಲಸ ಮಾಡಿತು. ಲೆಕ್ಕ ಹಾಕಿದರೆ ಅಂಥ ಬ್ಯಾಟರಿಯಲ್ಲಿ ಅಡಗಿರುವುದು 72 ವ್ಯಾಟ್-ಗಂಟೆಯ ಶಕ್ತಿ. ಅಂದರೆ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು ಹನ್ನೆರಡು ಸಲ ಅದನ್ನು ತುಂಬಬಹುದು. ಎಣ್ಣೆಯನ್ನೂ ಪೆಟ್ರೋಲನ್ನೂ ಕೂಡಿಸಿ ಉರಿಸುವ ಎರಡು ಸ್ಟ್ರೋಕಿನ ಎಂಜಿನ್ನಿಗೆ ಹೋಲಿಸಿದರೆ ಇದರ ಶಬ್ದ ಕಡಿಮೆ, ಹೊಗೆ ಇಲ್ಲವೇ ಇಲ್ಲ, ಹಿಡಿದವನ ಕೈಗೂ ಕಿವಿಗೂ ಆಯಾಸ ಕಡಿಮೆ. ಅನಿವಾರ್ಯವಾಗಿ ಒಂದು ಯಂತ್ರವನ್ನು ಬಳಸಲೇಬೇಕಾದವನು ಪೆಟ್ರೋಲಿನದನ್ನು ಬಿಟ್ಟು ಬ್ಯಾಟರಿಯದನ್ನು ಆರಿಸಿದರೆ ಅವನು ವಿವೇಕಿಯೇ ಸರಿ. ಇಷ್ಟನ್ನು ಒಪ್ಪದಿರುವುದು ಹಟವಾಗುತ್ತದೆ.

ಆದರೆ ಪೆಟ್ರೋಲಿನದಕ್ಕಿಂತ ಕಡಿಮೆ ಕೇಡಿನದು ಎಂಬುದು ಬೇರೆ, ಅಹಿಂಸಕವಾದದ್ದು ಎಂಬುದು ಬೇರೆ. ಮೊದಲನೆಯದು ಎರಡು ಯಂತ್ರಗಳ ನಡುವಿನ ಹೋಲಿಕೆ. ಎರಡನೆಯದು ಹುಲ್ಲಿನಲ್ಲಿ ಬದುಕುವ ಜೀವಕ್ಕೂ ಯಂತ್ರಕ್ಕೂ ಇರುವ ಸಂಬಂಧ. ನಮ್ಮವರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಧಿಸಿದೆವೆಂದು ತಿಳಿಯುತ್ತಾರೆ. ದೋಷವಿರುವುದು ಇಲ್ಲಿ.

ಅಲಗಿಲ್ಲ ಎಂಬ ಮಾತನ್ನೇ ನೋಡೋಣ. ಮೂವತ್ತು ಸೆಂಟಿಮೀಟರ್ ವ್ಯಾಸದ ವೃತ್ತದಲ್ಲಿ, ನಿಮಿಷಕ್ಕೆ 8,000 ಸುತ್ತು ತಿರುಗುವ ನೈಲಾನ್ ದಾರದ ತುದಿಯ ವೇಗವನ್ನು ಗುಣಿಸಿದರೆ ಗಂಟೆಗೆ 450 ಕಿಲೋಮೀಟರಿನಷ್ಟಾಗುತ್ತದೆ. ಆ ವೇಗದಲ್ಲಿ ಮೆತ್ತನೆಯ ದಾರವೂ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಅದು ಹುಲ್ಲನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಹೊಡೆದು ಸೀಳುತ್ತದೆ. ಅಡ್ಡ ಬಂದ ಬಸವನಹುಳುವಿಗೆ ಅದು ಉಕ್ಕೋ ನೈಲಾನೋ ಎಂಬ ವ್ಯತ್ಯಾಸವುಂಟೆ? ಅಲಗು ಕಣ್ಣಿಗೆ ಕಾಣದಿರುವುದರಿಂದ ಹೊಡೆತ ಇಲ್ಲವಾಗುವುದಿಲ್ಲ.

ನೋಡಿ ಮಾಡಲಾಗದ ಕೆಲಸ

ಶ್ರಾವಣದಲ್ಲಿ ಇದೇ ಬಗೆಯ ಯಂತ್ರವು ವಾರಕ್ಕೊಮ್ಮೆ ತಪ್ಪದೆ ಓಡುವ ನೆರೆಮನೆಯ ಅಂಗಳವನ್ನು ನಿಂತು ಗಮನಿಸಿದೆ. ಅಂದು ಬೆಳಿಗ್ಗೆ, ಇನ್ನೂ ಯಂತ್ರ ಹರಿಯದ ಒಂದು ಮೊಳ ಚೌಕದ ಹುಲ್ಲನ್ನು ಬಾಗಿ ಬಿಡಿಸಿ ನೋಡಿದಾಗ ಕಂಡದ್ದು: ಮೂರು ಬಸವನಹುಳುಗಳು, ರೆಕ್ಕೆ ಬಾರದ ಮಿಡತೆಯ ಮರಿಗಳು, ಎಲೆಯಡಿಯಲ್ಲಿ ಒಂದು ಕಂಬಳಿಹುಳು, ಜೇಡಗಳು, ಎಣಿಸಲಾಗದಷ್ಟು ಇರುವೆಗಳು. ದ್ವೀಂದ್ರಿಯದಿಂದ ಚತುರಿಂದ್ರಿಯದವರೆಗಿನ ಜೀವರಾಶಿ ಒಂದು ಮೊಳದೊಳಗೇ ನೆಲೆಸಿತ್ತು. ಸ್ವಲ್ಪ ದೂರದಲ್ಲಿ ಉಗುರಿನಷ್ಟಿರುವ ಕಪ್ಪೆಮರಿಗಳು ನೆಗೆಯುತ್ತಿದ್ದವು, ಅವು ಪಂಚೇಂದ್ರಿಯ.

ಇದೇ ಚೌಕವನ್ನು ಕುಡುಗೋಲಿನಿಂದ ಕೊಯ್ಯುವವನು ಕುಕ್ಕರಗಾಲಿನಲ್ಲಿ ಕುಳಿತಿರುತ್ತಾನೆ. ಅವನ ಕಣ್ಣು ಹುಲ್ಲಿನಿಂದ ಎರಡು ಮೊಳ ದೂರದಲ್ಲಿದೆ. ಎಡಗೈ ಹುಲ್ಲನ್ನು ಹಿಡಿಯುತ್ತದೆ, ಕೊಡವುತ್ತದೆ. ಜೀವಿಗೆ ಸರಿಯಲು ಕ್ಷಣಕಾಲವಾದರೂ ಸಿಗುತ್ತದೆ. ಕಂಡದ್ದನ್ನು ಬದಿಗಿಡಲು ಅವನಿಗೂ ಅವಕಾಶವಿದೆ. ಯಂತ್ರ ಹಿಡಿದವನಾದರೋ ನಿಂತಿರುತ್ತಾನೆ. ಚಿಮ್ಮುವ ಕಲ್ಲು ಕಣ್ಣಿಗೆ ಬಡಿಯದಂತೆ ಕನ್ನಡಕ ಧರಿಸಿರುತ್ತಾನೆ. ತಿರುಗುವ ದಾರವನ್ನು ರಕ್ಷಾಕವಚವು ಮರೆಮಾಡಿರುತ್ತದೆ. ಅವನಿಗೆ ಕಾಣುವುದು ಎಡಕ್ಕೂ ಬಲಕ್ಕೂ ಬೀಸಿದಂತೆಲ್ಲ ಕುಸಿಯುವ ಹಸಿರು ಮಾತ್ರ. ದಯೆಯಿದ್ದವನಾದರೂ ಆ ದಯೆಯನ್ನು ಆಚರಿಸಲು ಯಂತ್ರವು ಎಡೆಗೊಡುವುದಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಲಕ್ಷಣಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದಯುಕ್ತವಾದ ಮನ-ವಚನ-ಕಾಯಗಳ ವ್ಯಾಪಾರದಿಂದಾದ ಪ್ರಾಣಹಾನಿ ಎಂದು ಹೇಳುತ್ತದೆ. ಎಚ್ಚರವೇ ಅಲ್ಲಿನ ಕೇಂದ್ರ. ಎಚ್ಚರ ವಹಿಸಲು ಸಾಧ್ಯವೇ ಇಲ್ಲದಂತೆ ರಚಿತವಾದ ಸಾಧನವನ್ನು, ಬೇರೆ ದಾರಿಯಿರುವಾಗಲೂ, ಅನುಕೂಲಕ್ಕಾಗಿ ಎತ್ತಿಕೊಳ್ಳುವುದು ಪ್ರಮಾದವಲ್ಲದೆ ಮತ್ತೇನು? ಶಬ್ದ ಕಡಿಮೆಯೆಂಬುದು ಇಲ್ಲಿ ಗುಣವಾಗಿ ಉಳಿಯದೆ ಒಂದು ಮರೆವಾಗಿ ಪರಿಣಮಿಸುತ್ತದೆ. ಪೆಟ್ರೋಲಿನ ಯಂತ್ರದ ಅಬ್ಬರವಾದರೂ, ಏನೋ ಕಠೋರವಾದ ಕೆಲಸ ನಡೆಯುತ್ತಿದೆಯೆಂದು ಮನಸ್ಸಿಗೆ ತಿವಿಯುತ್ತಿತ್ತು. ಈ ಮೆಲುದನಿಯು ಆ ತಿವಿತವನ್ನೂ ತೆಗೆದುಹಾಕುತ್ತದೆ.

ಶಾಸ್ತ್ರವು ಈ ಹಿಂಸೆಗೆ ಕೊಟ್ಟ ಹೆಸರು

ಗೃಹಸ್ಥನು ಸ್ಥಾವರ ಜೀವಿಗಳ ಹಿಂಸೆಯಿಂದ ಪೂರ್ಣವಾಗಿ ಮುಕ್ತನಾಗಲಾರನು. ಅಡುಗೆ, ಬೇಸಾಯ, ಮನೆ ಕಟ್ಟುವುದು ಇವೆಲ್ಲ ಆರಂಭ-ಉದ್ಯೋಗಗಳ ಹಿಂಸೆಯೊಳಗೆ ಬರುತ್ತವೆ. ಅಣುವ್ರತಿಗೆ ಆಚಾರ್ಯರು ಅಷ್ಟು ಅವಕಾಶವನ್ನು ಕೊಟ್ಟಿದ್ದಾರೆ. ಆದರೆ ಆ ಅವಕಾಶಕ್ಕೆ ಬೇಲಿಯನ್ನೂ ಹಾಕಿದ್ದಾರೆ. ಆ ಬೇಲಿಯ ಹೆಸರೇ ಅನರ್ಥದಂಡವ್ರತ. ಪ್ರಯೋಜನವಿಲ್ಲದ ದಂಡವನ್ನು, ಅರ್ಥವಿಲ್ಲದ ಹಿಂಸೆಯನ್ನು, ಬಿಡತಕ್ಕದ್ದು ಎಂಬುದು ಅದರ ತಾತ್ಪರ್ಯ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಭಾಗಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನೆಲ, ನೀರು, ಬೆಂಕಿ, ಗಾಳಿಗಳ ವ್ಯರ್ಥವಾದ ಆರಂಭದ ಜೊತೆಗೆ ನಿಷ್ಫಲವಾಗಿ ಸಸ್ಯವನ್ನು ಕಡಿಯುವುದನ್ನೂ ಅವರು ಸ್ಪಷ್ಟವಾಗಿ ಸೇರಿಸಿದ್ದಾರೆ. ವಾರಕ್ಕೊಮ್ಮೆ ನೀರುಣಿಸಿ ಬೆಳೆಯಿಸಿ, ಬೆಳೆದುದಕ್ಕಾಗಿಯೇ ವಾರಕ್ಕೊಮ್ಮೆ ಕತ್ತರಿಸಿ, ಕತ್ತರಿಸಿದ್ದನ್ನು ಕಸದ ಗಾಡಿಗೆ ಹಾಕುವ ಹುಲ್ಲುಹಾಸಿಗಿಂತ ನಿಷ್ಫಲವಾದ ಸಸ್ಯಚ್ಛೇದನಕ್ಕೆ ಬೇರೆ ಉದಾಹರಣೆಯನ್ನು ಹುಡುಕಬೇಕೆ? ಹಾಗೆಯೇ ಹಿಂಸಾದಾನವೆಂದರೆ ಕೊಡಲಿ, ಕತ್ತಿ, ಗುದ್ದಲಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು. ಬಸದಿಗೆ ಯಂತ್ರವನ್ನು ದಾನ ಮಾಡಿ ಫಲಕದ ಮೇಲೆ ಹೆಸರು ಬರೆಸಿಕೊಳ್ಳಲು ಬಯಸುವವರು ಈ ಶಬ್ದವನ್ನು ಒಮ್ಮೆ ಮನನ ಮಾಡಲಿ.

ಇನ್ನೊಂದು ಸೂಕ್ಷ್ಮವಾದ ವಿಷಯವಿದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ, ಚಾವುಂಡರಾಯನ ಕಾಲದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡವು ಸಾಧಾರಣ ಶರೀರದ ವನಸ್ಪತಿಯ ಲಕ್ಷಣಗಳನ್ನು ಹೇಳುತ್ತದೆ: ನರ, ಸಂಧಿ, ಗಿಣ್ಣುಗಳು ಇನ್ನೂ ವ್ಯಕ್ತವಾಗದಿರುವುದು, ಮುರಿದರೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಬೆಳೆಯುವುದು ಇತ್ಯಾದಿ. ಅಂಥ ಎಳೆಯ ಸ್ಥಿತಿಯ ವನಸ್ಪತಿಯನ್ನು ಅನಂತ ಜೀವಗಳ ಆಶ್ರಯವೆಂದು ನಮ್ಮ ಪರಂಪರೆ ತಿಳಿಯುತ್ತದೆ. ಬಲಿತು ತೆನೆಬಿಟ್ಟು ಒಣಗುವ ಹುಲ್ಲು ಆ ಸ್ಥಿತಿಯನ್ನು ದಾಟಿ ಹೋಗುತ್ತದೆ. ಹುಲ್ಲುಹಾಸಿನ ಶಿಲ್ಪವೆಂದರೇನು? ಹುಲ್ಲನ್ನು ಬಲಿಯಗೊಡದೆ, ತೆನೆಬಿಡಗೊಡದೆ, ನಿತ್ಯವೂ ಎಳೆಚಿಗುರಿನ ಸ್ಥಿತಿಯಲ್ಲಿಯೇ ತಡೆದಿಟ್ಟು, ಆ ಎಳೆಚಿಗುರನ್ನೇ ಮತ್ತೆ ಮತ್ತೆ ಸವರುವುದು. ಶಾಸ್ತ್ರದ ದೃಷ್ಟಿಯಿಂದ ಹಿಂಸೆಯು ಅತಿಹೆಚ್ಚಾಗುವ ಘಟ್ಟವನ್ನು ಆರಿಸಿ, ಅದನ್ನು ಶಾಶ್ವತಗೊಳಿಸುವ ಕಲೆ ಇದು.

ಅಷ್ಟಮಿ-ಚತುರ್ದಶಿಗಳಂದು ನಮ್ಮ ಮನೆಗಳಲ್ಲಿ ಹಸಿರು ತರಕಾರಿಯನ್ನು ತ್ಯಜಿಸುತ್ತೇವೆ. ನಾಲಗೆಗೆ ಬೇಕಾದ ಒಂದು ಹಿಡಿ ಸೊಪ್ಪನ್ನು ಆ ದಿನ ಬೇಡವೆನ್ನುವ ಮನೆಯವರೇ ಮರುದಿನ ಕಣ್ಣಿನ ಸುಖಕ್ಕಾಗಿ ಹತ್ತು ಬುಟ್ಟಿ ಹಸಿರನ್ನು ಸೀಳಿ ಎಸೆಯುವುದಾದರೆ, ಆ ತ್ಯಾಗದ ಲೆಕ್ಕವನ್ನು ಯಾವ ಪುಟದಲ್ಲಿ ಬರೆಯೋಣ? ಸೊಪ್ಪನ್ನು ತಿಂದಿದ್ದರೆ ದೇಹಕ್ಕಾದರೂ ಆಧಾರವಾಗುತ್ತಿತ್ತು.

ಚಾತುರ್ಮಾಸದ ವಿಪರ್ಯಾಸ

ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುವುದೇಕೆ? ನೆಲದ ಮೇಲೆಲ್ಲ ಹಸಿರು ಮೊಳೆತಿರುತ್ತದೆ, ಸೂಕ್ಷ್ಮ ಜೀವಿಗಳು ತುಂಬಿರುತ್ತವೆ, ಕಾಲಿಟ್ಟಲ್ಲಿ ಜೀವಹಾನಿಯಾಗುತ್ತದೆ ಎಂಬ ಕಾರಣಕ್ಕಾಗಿ. ಹುಲ್ಲು ಕತ್ತರಿಸುವ ಯಂತ್ರಗಳು ವರ್ಷದಲ್ಲಿ ಅತಿಹೆಚ್ಚು ಓಡುವುದೂ ಅದೇ ನಾಲ್ಕು ತಿಂಗಳುಗಳಲ್ಲಿ. ಒಳಗೆ ಮುನಿಗಳು ಈರ್ಯಾಸಮಿತಿಯಿಂದ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡುವಾಗ, ಹೊರಗೆ ಅವರ ಸ್ವಾಗತದ ಅಂದಕ್ಕಾಗಿ ಆವರಣದ ಹುಲ್ಲಿನ ಮೇಲೆ ದಾರವು ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುತ್ತಿದ್ದರೆ, ಅದನ್ನು ಭಕ್ತಿಯೆನ್ನಬಹುದೆ? ತಮಗಾಗಿಯೇ ಮಾಡಿದ ಆಹಾರವನ್ನು ಉದ್ದಿಷ್ಟವೆಂದು ತ್ಯಜಿಸುವ ಪರಂಪರೆ ನಮ್ಮದು. ತಮಗಾಗಿ ಕಡಿದ ಹಾದಿಯ ಮೇಲೆ ಅವರು ಸಂತೋಷದಿಂದ ನಡೆಯುವರೆಂದು ನಾವು ಹೇಗೆ ಭಾವಿಸಿದೆವು?

ನಮ್ಮ ಪೂರ್ವಿಕರಿಗೆ ಈ ಸಮಸ್ಯೆಗೆ ಉತ್ತರ ಗೊತ್ತಿತ್ತು. ಬಸದಿಯ ಅಂಗಳಕ್ಕೆ ಅವರು ಕಲ್ಲು ಹಾಸಿದರು; ತುಳುನಾಡಿನಲ್ಲಿ ಮುರಕಲ್ಲಿನ ಪಾಗಾರವನ್ನೂ ಹಾಸುಗಲ್ಲಿನ ಪ್ರದಕ್ಷಿಣಾಪಥವನ್ನೂ ಕಟ್ಟಿದರು; ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬರಿಯ ಬಂಡೆಯಲ್ಲಿಯೇ ಮೆಟ್ಟಿಲು ಕೊರೆದರು. ಒಮ್ಮೆ ಹಾಸಿದ ಕಲ್ಲನ್ನು ವಾರ ವಾರವೂ ಕತ್ತರಿಸಬೇಕಾಗಿಲ್ಲ. ಸ್ಮಾರಕಗಳ ಸುತ್ತ ಇಂಗ್ಲಿಷ್ ಮಾದರಿಯ ಹುಲ್ಲುಹಾಸನ್ನು ಹರಡುವ ರೂಢಿ ಬ್ರಿಟಿಷರ ಆಳ್ವಿಕೆಯದು. ತಾಜಮಹಲಿನ ಉದ್ಯಾನವೇ ಲಾರ್ಡ್ ಕರ್ಜನನ ಕಾಲದಲ್ಲಿ ಆ ರೂಪವನ್ನು ತಾಳಿತು. ಆ ರೂಢಿಯನ್ನು ನಮ್ಮ ಟ್ರಸ್ಟುಗಳು ಧರ್ಮಕ್ಷೇತ್ರದ ಶೋಭೆಯೆಂದು ಎರವಲು ಪಡೆಯುವ ಅಗತ್ಯವೇನು?

ಆಕ್ಷೇಪಗಳು, ಸಮಾಧಾನಗಳು

ಮೊದಲನೆಯ ಆಕ್ಷೇಪ ಹಾವಿನದು. ಎತ್ತರದ ಹುಲ್ಲಿನಲ್ಲಿ ಹಾವಿರುತ್ತದೆ, ಮಕ್ಕಳು ಓಡಾಡುತ್ತಾರೆ, ಆಗೇನು ಮಾಡೋಣ ಎಂದು ಕೇಳುತ್ತಾರೆ. ಇದು ನಿಜವಾದ ಭಯ, ಗೌರವಿಸತಕ್ಕದ್ದು. ನಡೆಯುವ ದಾರಿಯ ಎರಡೂ ಬದಿ ಒಂದೊಂದು ಗಜ, ಬಾವಿಯ ಕಟ್ಟೆ, ಹೊಸ್ತಿಲಿನ ಮುಂಭಾಗ, ಇಷ್ಟನ್ನು ತೆರವಾಗಿಡುವುದು ಸಾರ್ಥಕವಾದ ಆರಂಭ, ಅದು ಅನರ್ಥದಂಡವಲ್ಲ. ಆದರೆ ಹಾವಿನ ಹೆಸರು ಹೇಳಿ ಅರ್ಧ ಎಕರೆಯನ್ನು ಜಮಖಾನದಂತೆ ಸವರುವುದು ಭಯವಲ್ಲ, ಅಲಂಕಾರ. ಪ್ರಯೋಜನಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲುವುದು ವ್ರತ.

ಎರಡನೆಯದು ಕೃಷಿಕರ ಪ್ರಶ್ನೆ. ಕರ್ನಾಟಕದ ಜೈನರಲ್ಲಿ ಬಹುಮಂದಿ ಮಣ್ಣಿನ ಮಕ್ಕಳು. ಅಡಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರವನ್ನು ನಾವು ಬಳಸುತ್ತೇವೆ, ನಾವು ಪಾಪಿಗಳೇ ಎಂದು ಅವರು ಕೇಳಬಹುದು. ಖಂಡಿತವಾಗಿಯೂ ಅಲ್ಲ. ಜೀವನೋಪಾಯಕ್ಕಾಗಿ, ಮಿತಿಯಲ್ಲಿ, ಪಶ್ಚಾತ್ತಾಪಬುದ್ಧಿಯಿಂದ ಮಾಡುವ ಉದ್ಯೋಗದ ಹಿಂಸೆಗೂ ನೆರೆಯವರ ಮೆಚ್ಚುಗೆಗಾಗಿ ಮಾಡುವ ಹಿಂಸೆಗೂ ಆಚಾರ್ಯರು ಭೇದ ಮಾಡಿದ್ದಾರೆ. ಈ ಲೇಖನದ ಬಾಣ ತೋಟದತ್ತ ಅಲ್ಲ, ಹುಲ್ಲುಹಾಸಿನತ್ತ.

ಮೂರನೆಯದು: ಆಳುಗಳು ಸಿಗುವುದಿಲ್ಲ, ಕುಡುಗೋಲು ಹಿಡಿಯುವವರಾರು ಎಂಬುದು. ವಾರ ವಾರವೂ ಕತ್ತರಿಸಲು ಆಳು ಸಿಗದಿರುವುದು ನಿಜ. ವರ್ಷಕ್ಕೆ ಎರಡು ಸಲ, ಮೇವಿಗಾಗಿ ಕೊಯ್ದುಕೊಂಡು ಹೋಗಿರೆಂದರೆ ಹಸು ಸಾಕುವವರು ತಾವಾಗಿ ಬರುತ್ತಾರೆ. ಇಲ್ಲಿ ಮತ್ತೊಂದು ಮುಖ್ಯವಾದ ಅಂಶವನ್ನು ಗಮನಿಸಬೇಕು. ಕುಡುಗೋಲಿನಿಂದ ಕೊಯ್ದ ಹುಲ್ಲು ಗೋಶಾಲೆಗೆ ಹೋಗುತ್ತದೆ. ಯಂತ್ರವು ಸೀಳಿದ ಹುಲ್ಲು ಮಣ್ಣು, ಕಲ್ಲಿನ ಚೂರುಗಳೊಡನೆ ಗೋಡೆಗೆ ರಾಚುತ್ತದೆ; ಅದರಲ್ಲಿ ನೈಲಾನಿನ ತುಣುಕುಗಳೂ ಬೆರೆತಿರುತ್ತವೆ. ಅದನ್ನು ದನದ ಮುಂದೆ ಹಾಕಲಾಗದು. ಒಂದು ಬದಿಯಲ್ಲಿ ಗೋಶಾಲೆಗಾಗಿ ಚಂದಾ ಎತ್ತಿ ಮೇವು ಕೊಳ್ಳುವ ಟ್ರಸ್ಟು, ಇನ್ನೊಂದು ಬದಿಯಲ್ಲಿ ತನ್ನದೇ ಆವರಣದ ಮೇವನ್ನು ಹಾಳುಗೆಡವುವ ಯಂತ್ರಕ್ಕಾಗಿ ಹಣ ಕೊಟ್ಟರೆ ಆ ಲೆಕ್ಕಪತ್ರವನ್ನು ಯಾರು ಒಪ್ಪುತ್ತಾರೆ?

ನೈಲಾನಿನ ಮಾತು ಬಂದಿತಾದ್ದರಿಂದ ಅದನ್ನೂ ಎಣಿಸೋಣ. ದಾರವು ತಾಗಿದಂತೆಲ್ಲ ಸವೆಯುತ್ತದೆ, ತುಂಡಾಗುತ್ತದೆ. ಹೊಸ ದಾರವು ಸುರುಳಿಯಿಂದ ಹೊರಬರುತ್ತದೆ. ಸವೆದದ್ದು ಹೋಗುವುದೆಲ್ಲಿಗೆ? ನೆಲಕ್ಕೆ. 1.6 ಮಿಲಿಮೀಟರ್ ದಪ್ಪದ 3 ಮೀಟರ್ ದಾರವೆಂದರೆ ಸುಮಾರು 7 ಗ್ರಾಂ ಪ್ಲಾಸ್ಟಿಕ್. ಸುರುಳಿ ಮುಗಿಯಿತೆಂದರೆ ಅದರ ಬಹುಪಾಲು ಅಂಗಳದ ಮಣ್ಣಿನಲ್ಲಿ ಕಣಕಣವಾಗಿ ಬೆರೆಯಿತೆಂದೇ ಅರ್ಥ. ಅಲ್ಲಿಂದ ಎರೆಹುಳುವಿನ ಹೊಟ್ಟೆಗೆ, ಹಕ್ಕಿಯ ಕೊಕ್ಕಿಗೆ. ಬ್ಯಾಟರಿಯ ಒಡಲಲ್ಲಿಯೂ ದೂರದ ನೋವಿದೆ. ಇಂಥ ಅನೇಕ ಬ್ಯಾಟರಿಗಳಿಗೆ ಬೇಕಾಗುವ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚಿನ ಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳು ದುಡಿಯುತ್ತಿರುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಔಷಧಾಲಯದ ದೀಪಕ್ಕೆ, ಅಂಗವಿಕಲನ ಗಾಲಿಕುರ್ಚಿಗೆ ಬ್ಯಾಟರಿ ಬೇಕು, ಅದು ಅರ್ಥವುಳ್ಳದ್ದು. ಹುಲ್ಲಿನ ತುದಿಯನ್ನು ಸಮಗೊಳಿಸಲು ಬೇಕೆ?

ನಾಲ್ಕನೆಯ ಆಕ್ಷೇಪ ಹೊರನಾಡಿನ ಬಂಧುಗಳದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಜೈನ ಕುಟುಂಬಗಳಿಗೆ ಇದು ರುಚಿಯ ಪ್ರಶ್ನೆಯಲ್ಲ, ಕಾಯಿದೆಯ ಪ್ರಶ್ನೆ. ಅನೇಕ ಊರುಗಳಲ್ಲಿ ಹುಲ್ಲು ಇಂತಿಷ್ಟು ಅಂಗುಲಕ್ಕಿಂತ ಎತ್ತರ ಬೆಳೆದರೆ ನಗರಸಭೆಯು ದಂಡ ವಿಧಿಸುತ್ತದೆ. ಅವರ ಕಷ್ಟ ಅರ್ಥವಾಗುವಂಥದು. ಕಾನೂನನ್ನು ಮುರಿಯಿರೆಂದು ಯಾರೂ ಹೇಳುತ್ತಿಲ್ಲ. ಆದರೆ ಆ ದೇಶದ ಕಾನೂನೇ ಬದಲಾಗುತ್ತಿರುವುದನ್ನು ಅವರು ಗಮನಿಸಬೇಕು. ಮಿನ್ನೆಸೋಟ ರಾಜ್ಯವು 2019ರಿಂದ, ಹುಲ್ಲುಹಾಸಿನ ಬದಲು ಜೇನ್ನೊಣಗಳಿಗೆ ಆಸರೆಯಾಗುವ ಸ್ಥಳೀಯ ಸಸ್ಯಗಳನ್ನು ಬೆಳೆಯುವ ಮನೆಯವರಿಗೆ ಧನಸಹಾಯ ನೀಡುವ ಯೋಜನೆಯನ್ನು ಕೈಗೊಂಡಿತು. ಮೇರಿಲ್ಯಾಂಡ್ ರಾಜ್ಯವು 2021ರಲ್ಲಿ, ಇಂಥ ಪರಿಸರಸ್ನೇಹಿ ತೋಟಗಳನ್ನು ಬಡಾವಣೆಯ ಸಂಘಗಳು ನಿಷೇಧಿಸಲಾಗದೆಂದು ವಿಧಿಸಿತು.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ನೆವಾಡ ರಾಜ್ಯದ ಕಾನೂನು. ಮರುಭೂಮಿಯ ನಡುವಿನ ಲಾಸ್ ವೇಗಸ್ ಪ್ರದೇಶದಲ್ಲಿ ನೀರಿನ ಅಭಾವವು ತೀವ್ರವಾದಾಗ, 2021ರಲ್ಲಿ ಅಲ್ಲಿನ ಶಾಸನಸಭೆಯು ಹುಲ್ಲುಹಾಸನ್ನು ಉಪಯುಕ್ತ, ನಿರುಪಯುಕ್ತ ಎಂದು ಎರಡಾಗಿ ವಿಂಗಡಿಸಿತು. ಮಕ್ಕಳು ಆಡುವ ಮೈದಾನ ಉಪಯುಕ್ತ. ರಸ್ತೆಯ ಮಧ್ಯದಲ್ಲಿ, ಕಚೇರಿಗಳ ಮುಂದೆ, ಯಾರೂ ಕಾಲಿಡದೆ ಕೇವಲ ನೋಟಕ್ಕಾಗಿ ಬೆಳೆದದ್ದು ನಿರುಪಯುಕ್ತ. ಆ ಎರಡನೆಯದಕ್ಕೆ 2027ರ ಆರಂಭದಿಂದ ಕೊಲರಾಡೋ ನದಿಯ ನೀರನ್ನು ಹಾಯಿಸಕೂಡದೆಂದು ಅದು ವಿಧಿಸಿತು. ಸಮಂತಭದ್ರಾಚಾರ್ಯರ ಹೆಸರನ್ನೂ ಕೇಳಿರದ ಆ ಶಾಸಕರು, ನೀರಿನ ಬರವು ಕಲಿಸಿದ ಪಾಠದಿಂದ, ಸಾರ್ಥಕ-ಅನರ್ಥಗಳ ಭೇದವನ್ನು ಕಂಡುಕೊಂಡರು. ಆ ಭೇದವನ್ನು ನಿತ್ಯವೂ ಸ್ವಾಧ್ಯಾಯದಲ್ಲಿ ಓದುವ ನಾವು ಅದನ್ನು ಮರೆತು, ಅವರು ಕಿತ್ತುಹಾಕುತ್ತಿರುವ ಹುಲ್ಲನ್ನು ಬಸದಿಯ ಮುಂದೆ ನೆಡಲು ಹೊರಟರೆ ನೋಡುವವರು ಏನೆಂದಾರು?

ಕರ್ತವ್ಯದ ದಾರಿ

ಖಂಡನೆಯಷ್ಟರಿಂದ ಕೆಲಸವಾಗದು. ಆದುದರಿಂದ ಬಸದಿಗಳ ಟ್ರಸ್ಟುಗಳ ಮುಂದೆ ಈ ಕೆಲವು ಸೂಚನೆಗಳನ್ನಿಡುತ್ತೇನೆ. ಒಂದು, ಆವರಣದಲ್ಲಿ ಹೊಸದಾಗಿ ಹುಲ್ಲುಹಾಸನ್ನು ಬೆಳೆಸಕೂಡದೆಂದು ಸಭೆಯಲ್ಲಿ ನಿರ್ಣಯಿಸಬೇಕು. ಎರಡು, ನಡೆಯುವ ದಾರಿಗಳನ್ನು ವೈಶಾಖದೊಳಗೆ, ನೆಲವು ಒಣಗಿ ಪ್ರಾಸುಕವಾಗಿರುವಾಗ, ಕಲ್ಲು, ಮುರಕಲ್ಲು ಅಥವಾ ಮರಳಿನಿಂದ ಹಾಸಿ ಮುಗಿಸಬೇಕು. ಮಳೆ ಬಂದ ಮೇಲೆ ಕತ್ತರಿಸುವ ಪ್ರಮೇಯವೇ ಬಾರದಂತೆ ನೋಡಿಕೊಳ್ಳಬೇಕು. ಮೂರು, ವರ್ಷಾಯೋಗದ ಅವಧಿಯಲ್ಲಿ ಆವರಣದೊಳಗೆ ಯಾವ ಕತ್ತರಿಸುವ ಯಂತ್ರವೂ ಓಡಕೂಡದು. ನಾಲ್ಕು, ಉಳಿದ ನೆಲದ ಹುಲ್ಲನ್ನು ಬಲಿಯಲು ಬಿಟ್ಟು, ಮಳೆ ನಿಂತು ಒಣಗಿದ ಮೇಲೆ ಕುಡುಗೋಲಿನಿಂದ ಕೊಯ್ಯಿಸಿ ಗೋಶಾಲೆಗೆ ಕೊಡಬೇಕು. ಒಮ್ಮೆಲೇ ಎಲ್ಲವನ್ನೂ ಕೊಯ್ಯದೆ ಪಾಲು ಪಾಲಾಗಿ ಕೊಯ್ದರೆ ಅಲ್ಲಿನ ಜೀವಿಗಳು ಪಕ್ಕದ ಪಾಲಿಗೆ ಸರಿದುಕೊಳ್ಳುತ್ತವೆ.

ಮನೆಯವರಿಗೂ ಇದೇ ಮಾತು. ಹುಲ್ಲುಹಾಸಿನ ಬದಲು ತುಳಸಿ, ದಾಸವಾಳ, ನಂದಬಟ್ಟಲು, ಒಂದು ಮಾವು, ಒಂದು ನೆಲ್ಲಿ ಇರಲಿ. ಯಂತ್ರವನ್ನು ಈಗಾಗಲೇ ಕೊಂಡವರು ಅದನ್ನು ಒಣಗಾಲದಲ್ಲಿ, ದಾರಿಯಂಚಿಗೆ ಮಾತ್ರ, ಮೊದಲು ಕೋಲಿನಿಂದ ಮೆಲ್ಲಗೆ ಹುಲ್ಲನ್ನಲುಗಿಸಿ ಜೀವಿಗಳನ್ನು ಸರಿಸಿದ ಬಳಿಕ, ಹಗಲಿನ ಬೆಳಕಿನಲ್ಲಿ ಬಳಸಲಿ. ಬ್ಯಾಟರಿಯು ಸತ್ತ ಮೇಲೆ ಅದನ್ನು ಕಸಕ್ಕೆಸೆಯದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಸಂಗ್ರಹಣಾ ವ್ಯವಸ್ಥೆಗೆ ಒಪ್ಪಿಸಲಿ. ಹೊರನಾಡಿನ ಬಂಧುಗಳು ಕಾಯಿದೆ ಬಿಡುವಷ್ಟು ಹುಲ್ಲುಹಾಸನ್ನು ಕುಗ್ಗಿಸಲಿ. ಉಳಿದದ್ದನ್ನು ಕಾಯಿದೆಯ ಮಿತಿಯೊಳಗೆ ಎಷ್ಟು ಎತ್ತರ ಬಿಡಬಹುದೋ ಅಷ್ಟು ಬಿಡಲಿ.

ಅಹಿಂಸಕ ಯಂತ್ರವೆಂಬುದೊಂದು ಅಂಗಡಿಯಲ್ಲಿ ಸಿಗುವ ವಸ್ತುವಾಗಿದ್ದರೆ ತೀರ್ಥಂಕರರು ತಪಸ್ಸು ಮಾಡಬೇಕಾಗಿರಲಿಲ್ಲ, ಹಣವಿದ್ದರೆ ಸಾಕಾಗಿತ್ತು. ಯಂತ್ರಕ್ಕೆ ಹಿಂಸೆಯೂ ಇಲ್ಲ, ಅಹಿಂಸೆಯೂ ಇಲ್ಲ. ಅದು ಬಯಕೆಯ ಕೈಯಲ್ಲಿರುವ ಉಪಕರಣ. ಬಯಕೆಯನ್ನು ಹಾಗೆಯೇ ಇಟ್ಟುಕೊಂಡು ಉಪಕರಣವನ್ನು ಮಾತ್ರ ಬದಲಿಸಿದರೆ ಪಾಪದ ಸದ್ದು ಕಡಿಮೆಯಾಗುತ್ತದೆಯೇ ಹೊರತು ಪಾಪ ಕಡಿಮೆಯಾಗುವುದಿಲ್ಲ. ಮುಂದಿನ ಆಷಾಢ ಶುಕ್ಲ ಚತುರ್ದಶಿಯ ಹೊತ್ತಿಗೆ ನಮ್ಮ ಒಂದೊಂದು ಟ್ರಸ್ಟೂ ತನ್ನ ಆವರಣದ ಹುಲ್ಲಿನ ವಿಷಯದಲ್ಲಿ ಒಂದು ನಿರ್ಣಯಕ್ಕೆ ಬಂದು, ಅದನ್ನು ಸೂಚನಾಫಲಕದ ಮೇಲೆ ಬರೆದು ಹಾಕಲಿ.